ಐದನೆಯ ಓಟಗಾರ

ಪೆನಿನಾ ಬೀಸಣಿಗೆಯಿಂದ ಗಂಡನಿಗೆ ಗಾಳಿ ಹಾಕುತ್ತಾ ಅವನ ಪಕ್ಕದಲ್ಲೇ ನಡೆಯುತ್ತಿದ್ದಳು. ಅವನು ಓಡುತ್ತಿದ್ದ.

"ನೀನು ಓಡ್ತಿರೋದು ನಿಜಾನಾ?" ಎಂದು ಕೇಳಿದಳು. "ನಾನು ನಡೀತಾನೇ ಇದೀನಿ. ಆದ್ರೂ ಆಗಾಗ ನಿನಗೋಸ್ಕರ ನಿಲ್ಲಬೇಕಾಗ್ತಿದೆ."

"ಮಾತಾಡಿಸ್ಬೇಡ ಮಾರಾಯ್ತಿ. ಉಸಿರು ಖರ್ಚಾಗುತ್ತೆ."

"ಮೊನ್ನೆ ಊರ ಸಭೇಲಿ ಎದೆ ತಟ್ಕೊಂಡು ಮಾತಾಡೋವಾಗ ಖರ್ಚಾಗ್ಲಿಲ್ವಾ?"

ಅಲಪಾಟಿ ತಲೆ ತಗ್ಗಿಸಿ ಓಡುತ್ತಲೇ ಇದ್ದ. ಐದು ಹಳ್ಳಿ ದಾಟುವ ಓಟ ಅದು. ನಮ್ಮ ತಂಡದ ಐದನೆಯ ಹುಡುಗ ಹವಳದ ಕಲ್ಲು ತುಳಿದು ಅಂಗಾಲು ಸೀಳಿಕೊಂಡಾಗ, 'ನಾನಿಲ್ವಾ?' ಎಂದು ಎದ್ದು ನಿಂತವನು ಇವನೇ. ಇಪ್ಪತ್ತು ವರ್ಷದ ಹಿಂದೆ ಅವನು ಇದೇ ಓಟದಲ್ಲಿ ಗೆದ್ದದ್ದು ಸುಳ್ಳಲ್ಲ. ಆದರೆ ಆಮೇಲೆ ಅವನು ಮಾಡಿದ್ದೆಲ್ಲ ನಿಂತುಕೊಂಡು ಮಾಡುವ ಕೆಲಸ. ಸಮೋವಾದ ನಮ್ಮ ಕಡೆಯ ಹಳ್ಳಿಗಳಲ್ಲಿ ಸಂಜೆ ಪ್ರಾರ್ಥನೆಯ ಗಂಟೆ ಬಾರಿಸಿದರೆ ಎಲ್ಲರೂ ಮನೆಯೊಳಗೆ. ಮತ್ತೆ ಬಾರಿಸುವ ತನಕ ರಸ್ತೆಗೆ ನರಪಿಳ್ಳೆಯೂ ಇಳಿಯುವಂತಿಲ್ಲ. ಇಳಿದವರನ್ನು ಹಿಡಿಯಲು ನಮ್ಮೂರಲ್ಲಿ ದೊಣ್ಣೆ ಹಿಡಿದು ನಿಲ್ಲುವವನು ಅಲಪಾಟಿ. ನಿಂತೂ ನಿಂತೂ ಅವನಿಗೆ ಹೊಟ್ಟೆ ಬಂದಿತ್ತು, ಹೆಸರೂ ಬಂದಿತ್ತು. ಹೋದ ತಿಂಗಳು ಗಂಟೆ ಬಾರಿಸುವ ಯಾಕೊಪೊನನ್ನೇ ಹಿಡಿದಿದ್ದ. ಯಾಕೊಪೊ ಬೇರೆ ಯಾರೂ ಅಲ್ಲ, ಪೆನಿನಾಳ ಖಾಸಾ ತಮ್ಮ. "ಬಾರಿಸಿದವನು ಮನೆಗೆ ಹೋಗೋದು ಬೇಡ್ವಾ ಭಾವ? ಒಂದು ನಿಮಿಷ!" ಎಂದು ಅವನು ಎಷ್ಟು ಅಂಗಲಾಚಿದರೂ, "ಕಟ್ಟಳೆ ಅಂದ್ರೆ ಕಟ್ಟಳೆ" ಎಂದು ಊರ ಸಭೆಗೆ ಒಂದು ಹಂದಿಮರಿ ದಂಡ ಹಾಕಿಸಿದ್ದ.

ಆವತ್ತಿನ ಓಟಕ್ಕೂ ಅದೇ ಗಂಟೆಯೇ ಗಡುವು. ತಂಡದ ಐದೂ ಜನ ಗಂಟೆಗೆ ಮುಂಚೆ ನಮ್ಮ ಚರ್ಚಿನ ಮುಂದಿನ ಗೆರೆ ದಾಟಿದರೆ ಬಹುಮಾನದ ಕಪ್ಪು ನಮ್ಮದು, ಇಲ್ಲವಾದರೆ ಹೋದ ವರ್ಷ ಗೆದ್ದ ಆಚೆ ಊರಲ್ಲೇ ಉಳಿಯುತ್ತದೆ. ಮುಖಂಡರ ಭಾಷಣವೂ ಪಾದ್ರಿಗಳ ಪ್ರಾರ್ಥನೆಯೂ ಒಂದಕ್ಕೊಂದು ಪೈಪೋಟಿಗೆ ಬಿದ್ದು ಓಟ ಶುರುವಾಗಿದ್ದೇ ಎರಡು ಗಂಟೆ ತಡವಾಗಿ. ಆಚೆ ಊರಿನ ಐದನೆಯವನು ನಾಲ್ಕನೇ ಹಳ್ಳಿಯಲ್ಲಿ ಓಟ ಬಿಟ್ಟು ಬಸ್ಸು ಹತ್ತಿ ಕೂತಿದ್ದ. ನಮ್ಮ ನಾಲ್ವರು ಹುಡುಗರು ಆಗಲೇ ಗೆರೆ ದಾಟಿ, ಬೆವರು ಒಣಗಿಸಿಕೊಂಡು, ಎಳನೀರನ್ನೂ ಮುಗಿಸಿದ್ದರು. ಉಳಿದವನು ಅಲಪಾಟಿ ಒಬ್ಬನೇ.

ಚರ್ಚಿನ ತಿರುವು ದಾಟಿದಾಗ ಸೂರ್ಯ ಸಮುದ್ರಕ್ಕೆ ಇಳಿದಾಗಿತ್ತು. ಹಲಸಿನ ಜಾತಿಯ ದೊಡ್ಡ ಮರವೊಂದಕ್ಕೆ ನೇತುಹಾಕಿದ ಖಾಲಿ ಗ್ಯಾಸ್ ಸಿಲಿಂಡರೇ ನಮ್ಮ ಗಂಟೆ. ಅದರ ಪಕ್ಕ ಯಾಕೊಪೊ ಕಬ್ಬಿಣದ ಸರಳು ಎತ್ತಿ ಹಿಡಿದು ನಿಂತಿದ್ದ.

"ಭಾವಾ, ಟೈಮಾಯ್ತು!" ಎಂದು ಅಲ್ಲಿಂದಲೇ ಕೂಗಿದ. "ಬಾರಿಸ್ಲಾ?"

ಜನ ಗೊಳ್ಳೆಂದು ನಕ್ಕರು. ಯಾಕೊಪೊ ಮಾತ್ರ ನಗಲಿಲ್ಲ.

"ಯಾಕ್ ಸುಮ್ನಾದೆ? ನೀನೇ ಹೇಳು ಭಾವ. ನಿನ್ ಕಟ್ಟಳೆ."

ನಗು ನಿಂತಿತು. ಪೆನಿನಾಳ ಬೀಸಣಿಗೆಯೂ ನಿಂತಿತು. ಗೆರೆ ಇನ್ನೂ ನಲವತ್ತು ಹೆಜ್ಜೆ ದೂರವಿತ್ತು. 'ಬಾರಿಸು' ಎಂದು ಅಲ್ಲೇ ಕೂತುಬಿಟ್ಟರೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಮಂಡಿಗಳಂತೂ ಆ ಯೋಚನೆಗೆ ತಕ್ಷಣ ಒಪ್ಪಿಕೊಂಡವು. ಆದರೆ ಗೆರೆಯ ಆಚೆ ನಾಲ್ವರು ಹುಡುಗರು ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷದಿಂದ ಅಲಪಾಟಿಯನ್ನು ಕಂಡವರೆಲ್ಲ ಮನೆಯೊಳಕ್ಕೆ ಓಡಿದವರೇ. 'ಬಾ, ಬಾ' ಎಂದು ಕೈ ಚಾಚಿ ನಿಂತವರನ್ನು ಅವನು ಅವತ್ತೇ ಕಂಡದ್ದು. ಅವನಿಗೆ ಆ ಕಪ್ಪು ಬೇಕೇ ಬೇಕು ಅನ್ನಿಸಿತು.

"ತಡಿಯೋ!" ಎಂದು ಕೂಗಿದ. ಉಸಿರೇ ಇಲ್ಲದವನಿಗೆ ಅಷ್ಟು ದೊಡ್ಡ ದನಿ ಎಲ್ಲಿಂದ ಬಂತೋ, ಇಡೀ ಊರಿಗೆ ಕೇಳಿಸಿತು.

ಯಾಕೊಪೊ ಸರಳು ಇಳಿಸಿದ. ಅಲಪಾಟಿ ಆ ನಲವತ್ತು ಹೆಜ್ಜೆಯನ್ನು ಹೇಗೋ ಓಡಿ ಮುಗಿಸಿ, ಗೆರೆಯಾಚೆ ಅಂಗಾತ ಬಿದ್ದ. ಹುಡುಗರು ಅವನನ್ನು ಹೆಗಲ ಮೇಲೆ ಎತ್ತಲು ನೋಡಿದರು. ಕೈಲಾಗದೆ, ಕಪ್ಪನ್ನೇ ತಂದು ಅವನ ಹೊಟ್ಟೆಯ ಮೇಲಿಟ್ಟರು. ಆಮೇಲೆ ಯಾಕೊಪೊ ಗಂಟೆ ಬಾರಿಸಿದ.

"ಗೆದ್ದೆ ಕಣೇ!" ಎಂದ ಮಲಗಿದಲ್ಲೇ.

"ಗೆದ್ದೆ ಬಿಡು. ಏಳು, ಪ್ರಾರ್ಥನೆಗೆ ಹೊತ್ತಾಯ್ತು," ಎಂದಳು ಪೆನಿನಾ.

ಮರುದಿನ ಸಂಜೆ ಗಂಟೆ ಸರಿಯಾದ ಹೊತ್ತಿಗೇ ಮೊಳಗಿತು. ಅಲಪಾಟಿ ಕುಂಟುತ್ತಾ ಬಂದು, ದೊಣ್ಣೆ ಊರಿಕೊಂಡು ತನ್ನ ಜಾಗದಲ್ಲಿ ನಿಂತ. ರಸ್ತೆಯ ಆ ತುದಿಯಿಂದ ಲೋಸಾ ಅಜ್ಜಿ ಕೆಸುವಿನ ಗೆಡ್ಡೆಯ ಬುಟ್ಟಿ ಹೊತ್ತು ಬರುತ್ತಿದ್ದಳು. ಮುಂಚೆಯಾಗಿದ್ದರೆ ಬುಟ್ಟಿ ಅಲ್ಲೇ ಬಿಸಾಕಿ ಸಿಕ್ಕಿದ ಮನೆಗೆ ನುಗ್ಗುತ್ತಿದ್ದವಳು, ಈಗ ಸಾವಕಾಶವಾಗಿ ನಡೆದು ಅವನ ಎದುರಿಗೇ ಬಂದಳು.

"ಕಾಲುನೋವು ಹೇಗಿದೆ ಮಗಾ?" ಎಂದು ಕೇಳಿ, ನಡುರಸ್ತೆಯಲ್ಲೇ ಬುಟ್ಟಿ ಇಳಿಸಿ, ಉತ್ತರಕ್ಕೆ ಕಾದಳು.

ಮನೆಮನೆಯಲ್ಲೂ ಪ್ರಾರ್ಥನೆಯ ಹಾಡು ಶುರುವಾಗಿತ್ತು. ಅಲಪಾಟಿ ದೊಣ್ಣೆಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡು, "ಪರವಾಗಿಲ್ಲ ಅಜ್ಜಿ," ಎಂದ.