ಗುರುತು ಹಿಡಿಯುವ ಕೆಲಸ

"ಟೋಕನ್ ಬ್ಯಾಡ ಸಾಮಿ," ಅಂದ ಜುಂಜಣ್ಣ, ಬಿಲ್ಲೆಗಳ ಚೀಲವನ್ನು ಹಿಂದಕ್ಕೆ ತಳ್ಳುತ್ತಾ. "ಇನ್ನೂರು ಕುರಿ ಮೇಯಿಸಿದೋನು ನಾನು. ಒಂದಕ್ಕಾದ್ರೂ ಟೋಕನ್ ಕಟ್ಟಿದ್ನಾ?"

ಗುಡಿ ಕಮಿಟಿ ಅಧ್ಯಕ್ಷ ಸಿದ್ದರಾಮೇಶ್ ನಗಬೇಕೋ ಬೈಯಬೇಕೋ ತಿಳಿಯದೆ ನಿಂತ. ಮಡಕಶಿರಾದಿಂದ ಹೇಮಾವತಿ ಕಡೆ ಹೋಗುವ ದಾರಿಯಲ್ಲಿದೆ ಆ ಈರಣ್ಣನ ಗುಡಿ. ಸೋಮವಾರ ಬಂದರೆ ಜನ ಕಿಕ್ಕಿರಿಯುತ್ತಾರೆ, ಚಪ್ಪಲಿಗಳು ಮಾಯವಾಗುತ್ತವೆ. ಅವನ್ನು ಕಾಯುವ ಕೆಲಸಕ್ಕೇ ಜುಂಜಣ್ಣ ಬಂದಿದ್ದ. "ಆಯ್ತಪ್ಪ, ಇವತ್ತೊಂದಿನ ನೋಡ್ತೀನಿ. ಒಂದೇ ಒಂದು ಜೊತೆ ಕಮ್ಮಿ ಆದ್ರೂ ಮುಂದಿನ ಸೋಮವಾರ ಇಲ್ಲಿ ನನ್ನ ಭಾಮೈದ ಕೂತಿರ್ತಾನೆ," ಅಂತ ತನ್ನ ತೊಗಲಿನ ಚಪ್ಪಲಿ ಕಳಚಿಕೊಟ್ಟು ಒಳಗೆ ಹೋದ.

ಜುಂಜಣ್ಣನಿಗೆ ಈ ಕೆಲಸ ಬೇಕೇ ಬೇಕಿತ್ತು. ಕಾಲಿನ ಮಂಡಿ ಕೈಕೊಟ್ಟು ಹಿಂಡನ್ನು ತಮ್ಮನಿಗೆ ಒಪ್ಪಿಸಿ ಎಂಟು ತಿಂಗಳಾಗಿತ್ತು. ಅಷ್ಟರಲ್ಲೇ ಎರಡು ಕೆಲಸ ಹೋಗಿದ್ದವು. ಅವನು ಬಿಟ್ಟದ್ದಲ್ಲ, ಅವರೇ ಬಿಡಿಸಿದ್ದು. ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ಗಾಳಿ ತುಂಬುವುದು ಬಿಟ್ಟು, ಬಂದ ಲಾರಿಗೆಲ್ಲ "ಓ, ಇದು ಹೋದ ಬುಧವಾರ ಬಂದಿತ್ತು, ಎಡಗಣ್ಣಿಗೆ ಪೆಟ್ಟಾಗಿತ್ತು" ಅಂತ ಮಾತಾಡಿಸುತ್ತಾ ನಿಂತಿದ್ದ. ಲಾಡ್ಜಿನ ಬಾಗಿಲು ಕಾಯಲು ಹೋದಲ್ಲಿ, ಹೆಂಡತಿಯೊಡನೆ ಬಂದವನೊಬ್ಬನಿಗೆ "ಹೋದ ಸಲ ಕರಕಂಡ್ ಬಂದಿದ್ದ ಅಮ್ಮಾರು ಚೆನ್ನಾಗವ್ರಾ ಸಾಮಿ?" ಅಂತ ಪ್ರೀತಿಯಿಂದಲೇ ಕೇಳಿದ್ದ.

"ನಿಂಗೆ ಏನು ಮಾಡಿದ್ರೆ ಜೀವಕ್ಕೆ ಹಿತ ಅದನ್ನಾದ್ರೂ ಹೇಳು," ಅಂತ ಹೆಂಡತಿ ಉಜ್ಜಿನಮ್ಮ ತಲೆ ಚಚ್ಚಿಕೊಂಡಿದ್ದಳು.

"ಗುರ್ತು ಹಿಡಿಯೋದು ಕಣೆ."

"ಅದಕ್ಕೆ ಯಾವ ಪುಣ್ಯಾತ್ಮ ಸಂಬಳ ಕೊಡ್ತಾನೆ?"

ಪುಣ್ಯಾತ್ಮ ಸಿಕ್ಕಿದ್ದ. ಜುಂಜಣ್ಣ ಹಿಗ್ಗಿನಿಂದ ಕೆಲಸಕ್ಕಿಳಿದ. ಹಟ್ಟಿಯಲ್ಲಿ ಕುರಿ ಕೂಡಿದ ಹಾಗೇ ಚಪ್ಪಲಿಗಳನ್ನು ಕೂಡಿದ. ದೊಡ್ಡವು ಹೊರಸುತ್ತು, ಮಕ್ಕಳವು ನಡುವೆ, ಮುದುಕರವು ನೆರಳಿಗೆ. ಜನರ ಮುಖವನ್ನು ಅವನು ನೋಡಲೇ ಇಲ್ಲ, ನೋಡಿದ್ದು ಕಾಲು. ದರ್ಶನ ಮುಗಿಸಿ ಹೊರಬಂದವರು ಬಾಯಿ ತೆರೆಯುವ ಮೊದಲೇ ಅವರವರ ಜೊತೆ ಅವರವರ ಮುಂದೆ ಬಂದು ಕೂತಿರುತ್ತಿತ್ತು. ಒಬ್ಬ ಮುದುಕಿಯಂತೂ ಅವನಿಗೂ ಒಂದು ಕೈ ಮುಗಿದು ಹೋದಳು.

ಹನ್ನೊಂದರ ಹೊತ್ತಿಗೆ ರಾಯದುರ್ಗದ ಬೊಮ್ಮಣ್ಣ ಎಂಬಾತ ಹೊರಗೆ ಬಂದ. ಜುಂಜಣ್ಣ ಅವನ ಕಾಲು ನೋಡಿದ. ಹೆಬ್ಬೆರಳಿಗಿಂತ ಉದ್ದದ ಎರಡನೇ ಬೆರಳು, ಒಳಕ್ಕೆ ವಾಲಿದ ಹಿಮ್ಮಡಿ. ನೋಡಿದವನೇ ಒಳಗಿನಿಂದ ತೊಗಲಿನ ಚಪ್ಪಲಿ ತಂದಿಟ್ಟ.

"ನಾ ಬಂದಿದ್ದು ರಬ್ಬರ್ ಚಪ್ಪಲಿಯಾಗ ರೀ," ಅಂದ ಬೊಮ್ಮಣ್ಣ. ಆಮೇಲೆ ಬಗ್ಗಿ ನೋಡಿದ. "ಅಯ್ಯ ಶಿವನೇ! ಇವು ನನ್ವೇ ರೀ! ಹೋದ ತಿಂಗಳು ಇಲ್ಲೇ ಕಳಕೊಂಡು ಬರಿಗಾಲಾಗ ರಾಯದುರ್ಗದ ಬಸ್ ಹತ್ತಿದ್ದೆ. ಎಲ್ಲಿ ಸಿಕ್ಕವು?"

"ತಾವಾಗೇ ಬಂದ್ವು ಬುಡಿ," ಅಂದ ಜುಂಜಣ್ಣ.

ಬೊಮ್ಮಣ್ಣ ತೊಗಲಿನವನ್ನು ಮೆಟ್ಟಿ, ರಬ್ಬರಿನವನ್ನೂ ಕೇಳಿ ತೆಗೆದುಕೊಂಡು ಕಂಕುಳಲ್ಲಿ ಇಟ್ಟುಕೊಂಡು ಹೋದ. ಅವನ ಬೆನ್ನು ಮರೆಯಾದ ಮೇಲೆ ಜುಂಜಣ್ಣನಿಗೆ ನೆನಪಾಯಿತು. ಆ ಜೊತೆಯನ್ನು ಬೆಳಿಗ್ಗೆ ಕಳಚಿಕೊಟ್ಟವನು ಸಿದ್ದರಾಮೇಶ್! ಈ ಚಪ್ಪಲಿ ಈ ಕಾಲಿನದಲ್ಲ ಅಂತ ಆಗಲೇ ಅನ್ನಿಸಿತ್ತು. ಆದರೆ ಮೇಯುವಾಗ ತಪ್ಪಿ ಬಂದ ಕುರಿಯನ್ನು ಅದರ ಒಡೆಯನಿಗೆ ಬಿಟ್ಟುಕೊಟ್ಟ ಹಾಗೆ ಕೈ ತಾನೇ ತಾನಾಗಿ ಕೊಟ್ಟುಬಿಟ್ಟಿತ್ತು.

ಪೂಜೆ ಮುಗಿದು ಸಿದ್ದರಾಮೇಶ್ ಬರುವಾಗ ಅಂಗಳದ ಚಪ್ಪಡಿ ಕಾದ ಹೆಂಚಾಗಿತ್ತು. "ಎಲ್ಲಪ್ಪ, ನನ್ವು ಕೊಡು ಬೇಗ," ಅಂತ ಒಂದು ಕಾಲು ಎತ್ತಿ ಒಂದು ಕಾಲು ಇಳಿಸಿದ.

"ಅವು ನಿಮ್ಮವಲ್ಲ ಸಾಮಿ. ರಾಯದುರ್ಗದೋರವು. ತಗಂಡು ಹೋದ್ರು."

ಪ್ರಸಾದದ ಸಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ಸಿದ್ದರಾಮೇಶನ ಮುಖ ಕೆಂಪಾಯಿತು. "ಯಾವನೋ ಬಂದು ನಂದು ಅಂದನಂತೆ, ಇವನು ಕೊಟ್ಟನಂತೆ!"

"ಅವರೇನೂ ಅನ್ಲಿಲ್ಲ ಸಾಮಿ, ಅವರ ಕಾಲೇ ಅಂತು. ನೀವು ಹೊರಗಡೆ ಊರಿ ನಡೀತೀರಿ. ಆ ಚಪ್ಪಲಿ ಸವೆದಿರೋದು ಒಳಗಡೆ. ಎರಡು ಹಿಂಡು ಒಂದೇ ಕಡೆ ನೀರಿಗಿಳಿದ್ರೆ ಅವರದು ನಮ್ಮ ಕಡೆ, ನಮ್ಮದು ಅವರ ಕಡೆ ಸೇರೋದೇ. ಅದಕ್ಕೆ ಯಾರೂ ಕಳ್ಳತನ ಅನ್ನಕಿಲ್ಲ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಒಂದು ಜೊತೆ ಕಮ್ಮಿಯಾಗಿದ್ದಂತೂ ನಿಜ. ಜುಂಜಣ್ಣ ತಾನಾಗಿಯೇ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಉಜ್ಜಿನಮ್ಮನಿಗೆ ಏನು ಹೇಳಲಿ ಎಂದು ಯೋಚಿಸುತ್ತಾ ಕುಂಟುತ್ತಾ ಹೊರಟ.

"ಏಯ್, ನಿಂತ್ಕಳಪ್ಪ!"

ಅಧ್ಯಕ್ಷ ಬರಿಗಾಲಲ್ಲಿ ಕುಪ್ಪಳಿಸುತ್ತಾ ಬಂದು ಬೇವಿನ ನೆರಳು ಸೇರಿಕೊಂಡ. ಆಚೆ ಈಚೆ ನೋಡಿ, ಜುಂಜಣ್ಣನ ಕಿವಿಯ ಹತ್ತಿರ ಬಗ್ಗಿದ.

"ಹೋದ ತಿಂಗಳು ಇಲ್ಲೇ ಕಳೆದುಹೋದ ನನ್ವು ಕಂದು ಬಣ್ಣದವು. ಎಡಗಡೇದಕ್ಕೆ ಉಂಗುಟ ಕಿತ್ತು ಕರಿ ದಾರದಲ್ಲಿ ಹೊಲಿಸಿದ್ದೆ. ಮುಂದಿನ ಸೋಮವಾರ ಬಾಗಿಲು ತೆಗೆಯೋಕೆ ಮುಂಚೆನೇ ಬಂದು ಕೂತ್ಕೊ."