ಹೇರಳೆ ಗಿಡದ ಮಣ್ಣು

ತೆಂಗಿನ ನಾರನ್ನು ನೆನೆಹಾಕಿದಾಗ ಬರುವ ವಾಸನೆ ಇವತ್ತಿಗೂ ನನ್ನನ್ನು ಕಾಶಿಯ ಭೇಲೂಪುರದ ಬಾಡಿಗೆ ಮನೆಯ ತಾರಸಿಗೆ ಕರೆದೊಯ್ಯುತ್ತದೆ.

ಚಿತ್ರಾನ್ನಕ್ಕೆ ಹುಳಿ ಹಿಂಡಲು ಹೇರಳೆಕಾಯಿ ಅಲ್ಲಿ ಸಿಗುವುದಿಲ್ಲವೆಂದು ಅಜ್ಜಿ ಮೈಸೂರಿನಿಂದ ಸಸಿಯನ್ನೇ ತಂದಿದ್ದರು. ಕೇದಾರ ಘಾಟಿನಿಂದ ರಿಕ್ಷಾದಲ್ಲಿ ಗಂಗೆಯ ಮೆಕ್ಕಲು ಮಣ್ಣು ತಂದು, ಕುಂಡದ ತುಂಬ ಅದನ್ನೇ ತುಂಬಿ ನೆಟ್ಟರು. ತಿಂಗಳೊಳಗೆ ಎಲೆ ಹಳದಿಯಾಯಿತು.

ಸಸ್ಯಶಾಸ್ತ್ರ ಕಲಿಸುತ್ತಿದ್ದ ಅಮ್ಮ ಒಂದು ಮಧ್ಯಾಹ್ನ ಕುಂಡ ಮಗುಚಿದಳು. ಮಣ್ಣು ಕುಂಡದ ಆಕಾರದಲ್ಲೇ ಗಟ್ಟಿಯಾಗಿ ಹೊರಬಂತು.

“ಅಮ್ಮಾ, ಇದು ಈಂಟ್ ಥರ ಆಗಿದೆ,” ಎಂದೆ. ಇಟ್ಟಿಗೆ ಎನ್ನಲು ನನ್ನ ಬಾಯಿಗೆ ಹಿಂದಿಯೇ ಮೊದಲು ಬರುತ್ತಿತ್ತು.

ಅಜ್ಜಿಯ ಮುಖ ಸಣ್ಣದಾಯಿತು. “ಗಂಗೆ ಮಣ್ಣಲ್ಲಿ ಗಿಡ ಸಾಯುತ್ತೇನೇ?”

“ಗಂಗೆ ಹರಿಯೋಳು ಅತ್ತೆ. ಕುಂಡದಲ್ಲಿ ಕೂಡಿಹಾಕಿದ್ರೆ ಅವಳಾದ್ರೂ ಏನ್ ಮಾಡ್ತಾಳೆ? ನೀರು ನಿಂತು ಬೇರಿಗೆ ಉಸಿರು ಕಟ್ಟಿದೆ,” ಎಂದಳು ಅಮ್ಮ.

ಅಜ್ಜಿ ಪಕ್ಕದ ಮಠದ ಅಡುಗೆಮನೆಯಿಂದ ತಂದಿದ್ದ ತೆಂಗಿನ ಸಿಪ್ಪೆಯನ್ನು ಹತ್ತಿರಕ್ಕೆಳೆದುಕೊಂಡು ನಾರು ಬಿಡಿಸಿ ನೀರಿನಲ್ಲಿ ನೆನೆಹಾಕಿದರು. ನಾನು ತಾರಸಿಯ ಮೂಲೆಯಲ್ಲಿದ್ದ ಹಳೇ ಇಟ್ಟಿಗೆಯೊಂದನ್ನು ಕುಟ್ಟಿ ಚೂರು ಮಾಡಿದೆ. ಅಮ್ಮ ಎಲೆಗೊಬ್ಬರ, ದಪ್ಪ ಮರಳು ಸೇರಿಸಿ ಎಲ್ಲವನ್ನೂ ಕಲಸಿದಳು; ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ಕೊನೆಗೆ ಗಂಗೆಯ ಮಣ್ಣನ್ನೇ ಒಂದು ಹಿಡಿ ಪುಡಿಮಾಡಿ ಅಜ್ಜಿಯ ಕೈಗಿಟ್ಟಳು. “ಇದನ್ನ ನೀವು ಹಾಕಿ.”

ಸಸಿ ನೆಟ್ಟು ನೀರೆರೆದಾಗ ಅದು ನಿಲ್ಲದೆ ಕೆಳಗಿನ ತೂತಿನಿಂದ ಹರಿದುಬಂತು. ಅಜ್ಜಿ ಬೊಗಸೆಯೊಡ್ಡಿ ತಲೆಗೆ ಪ್ರೋಕ್ಷಿಸಿಕೊಂಡರು.

“ಈಗ ಹರೀತಿದಾಳೆ ನೋಡು,” ಎಂದರು.

ಅಮ್ಮ ಮಣ್ಣಾದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, ತಾನೂ ಕೈ ಚಾಚಿದಳು.