ದೃಷ್ಟಿಬೊಟ್ಟು

"ಮೇಸ್ತ್ರಿ, ಮುನ್ನೂರು ವರ್ಷದ ಚರ್ಚಲ್ಲಿ ಇದೊಂದು ಟೈಲ್ ಉಲ್ಟಾ ಕೂತಿದೆ. ಕಿತ್ತು ಸರಿಮಾಡಿ," ಎಂದು ಇಂಜಿನಿಯರಮ್ಮ ಪೀಠದ ಮುಂದಿನ ನೆಲ ತೋರಿಸಿದರು.

ನಾಲ್ಕು ಟೈಲ್ ಸೇರಿದರೆ ಒಂದು ಹೂವು. ಅಲ್ಲಿ ಮಾತ್ರ ಒಂದು ಎಸಳು ಹೂವಿಗೆ ಬೆನ್ನು ಹಾಕಿತ್ತು. ಮೂವತ್ತು ವರ್ಷದ ಹಿಂದೆ ಈ ನೆಲವನ್ನು ಹೊಸದಾಗಿ ಹಾಸುವಾಗ, ಮೇಸ್ತ್ರಿ ಟೀ ಕುಡಿದು ಬರುವಷ್ಟರಲ್ಲಿ ಗಾರೆ ಕಲಸುತ್ತಿದ್ದ ಹೆಂಡತಿ ಅದನ್ನು ತಾನೇ ಕೂರಿಸಿದ್ದಳು. ಬೈದಿದ್ದಕ್ಕೆ, "ಇರ್ಲಿ ಬಿಡಿ, ಇಷ್ಟು ಚೆಂದದ ಚರ್ಚಿಗೆ ದೃಷ್ಟಿಬೊಟ್ಟು," ಎಂದು ನಕ್ಕಿದ್ದಳು. ಅವಳು ತೀರಿಹೋಗಿ ಎರಡು ವರ್ಷವಾಗಿತ್ತು.

ಅವನು ಉಳಿಯಿಂದ ಟೈಲ್ ಎಬ್ಬಿಸಿ, ಹೊಸ ಗಾರೆ ಹರಡಿ, ಎಸಳನ್ನು ಹೂವಿನ ಕಡೆಗೆ ತಿರುಗಿಸಿದ. ಆಮೇಲೆ ಮತ್ತೆ ಮೊದಲಿನ ಹಾಗೇ ತಿರುಗಿಸಿ ಕೂರಿಸಿದ.

"ಆಯ್ತಾ ಮೇಸ್ತ್ರಿ?" ಇಂಜಿನಿಯರಮ್ಮ ಬಾಗಿಲ ಬಳಿಯಿಂದ ಕೇಳಿದರು.

"ಆಯ್ತು ಮೇಡಂ. ಸರಿಯಾಯ್ತು," ಎಂದ. ಗಾರೆ ಬಿಗಿಯುವವರೆಗೂ ಆ ಎಸಳಿನ ಮೇಲಿಟ್ಟ ಅಂಗೈ ಮಾತ್ರ ಎತ್ತಲಿಲ್ಲ.